ನಿಸ್ತಂತು ಸಂವೇದಕ ಜಾಲ: ಮೊದಲು ಗಡುವು ನಿಗದಿಯಾಗಲಿ

ಮಾನ್ಯ ಸಂಪಾದಕರೇ,

ಸೇತುವೆ, ಅಣೆಕಟ್ಟು, ಕಾಡುಗಳ ಮೇಲೆ ನಿಗಾ ಇಡಲು ಸಾವಿರಾರು ನಿಸ್ತಂತು ಸಂವೇದಕಗಳನ್ನು ಅಳವಡಿಸುವ ಯೋಜನೆಗಳ ವರದಿಗಳಲ್ಲಿ ಸಂವೇದಕಗಳ ಸಂಖ್ಯೆ ಎದ್ದು ಕಾಣುತ್ತದೆ. ಆದರೆ ಅಳತೆ ನಡೆದ ಎಷ್ಟು ಸೆಕೆಂಡುಗಳೊಳಗೆ ಎಚ್ಚರಿಕೆ ಮುಟ್ಟಬೇಕು, ನೂರು ಸಂದೇಶಗಳಲ್ಲಿ ಎಷ್ಟು ಆ ಗಡುವಿನೊಳಗೆ ತಲುಪಬೇಕು ಎಂಬ ವಿವರ ಇರುವುದು ಅಪರೂಪ. ವಿನ್ಯಾಸ ಆರಂಭವಾಗಬೇಕಾದದ್ದು ಅಲ್ಲಿಂದಲೇ.

ಇಂತಹ ಜಾಲಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಐಇಇಇ 802.15.4 ಎಂಬ ನಿಸ್ತಂತು ಸಂವಹನ ಮಾನದಂಡದ ವೇಗ 2.4 ಗಿಗಾಹರ್ಟ್ಸ್ ಆವರ್ತನ ಪಟ್ಟಿಯಲ್ಲಿ ಸೆಕೆಂಡಿಗೆ 250 ಕಿಲೋಬಿಟ್. ಅದನ್ನೂ ಒಂದೇ ಚಾನೆಲ್‌ನಲ್ಲಿರುವ ನೆರೆಯ ನೋಡ್‌ಗಳೆಲ್ಲ (ಸಂವೇದಕ, ರೇಡಿಯೊ, ಬ್ಯಾಟರಿ ಇರುವ ಪುಟ್ಟ ಸಾಧನಗಳು) ಹಂಚಿಕೊಳ್ಳಬೇಕು. ಒಂದು ನೋಡ್‌ನಿಂದ ಇನ್ನೊಂದಕ್ಕೆ ದಾಟುತ್ತಾ ಸಾಗುವ ಸಂದೇಶ ಪ್ರತಿ ದಾಟಿನಲ್ಲೂ ಮತ್ತೆ ಪ್ರಸಾರವಾಗುವುದರಿಂದ, ಗೇಟ್‌ವೇ (ಜಾಲದ ಮಾಹಿತಿಯನ್ನು ಸಂಗ್ರಹಿಸಿ ಹೊರಗೆ ಕಳುಹಿಸುವ ಸಾಧನ) ಸಮೀಪದ ನೋಡ್‌ಗಳು ಇಡೀ ಜಾಲದ ಹೊರೆ ಹೊತ್ತು, ದೂರದವುಗಳ ಬ್ಯಾಟರಿ ಇನ್ನೂ ಸಾಕಷ್ಟು ಉಳಿದಿರುವಾಗಲೇ ನಿಂತುಹೋಗುತ್ತವೆ. ಸಂವೇದಕ ಹೆಚ್ಚಿಸಿ ಗೇಟ್‌ವೇ ಹೆಚ್ಚಿಸದಿದ್ದರೆ ಇದು ಇನ್ನಷ್ಟು ಬೇಗ ಆಗುತ್ತದೆ.

ಸುಮ್ಮನೆ ಆಲಿಸುತ್ತಿರುವ ರೇಡಿಯೊ ಕೂಡ ಸಂದೇಶ ಸ್ವೀಕರಿಸುವಾಗಿನಷ್ಟೇ ವಿದ್ಯುತ್ ಬಳಸುತ್ತದೆ. ಬ್ಯಾಟರಿ ವರ್ಷಗಟ್ಟಲೆ ಬಾಳಬೇಕಾದರೆ ರೇಡಿಯೊ ಬಹುಪಾಲು ಸಮಯ ನಿದ್ರಿಸಲೇಬೇಕು. ಪ್ರತಿ ನೋಡ್ ತನ್ನದೇ ಲಯದಲ್ಲಿ ಸೆಕೆಂಡಿಗೊಮ್ಮೆ ಎಚ್ಚರಗೊಂಡರೆ, ಹತ್ತು ದಾಟುಗಳ ಹಾದಿಯಲ್ಲಿ ಸರಾಸರಿ ಐದು ಸೆಕೆಂಡು ಕಾಯುವುದರಲ್ಲೇ ಕಳೆಯುತ್ತದೆ. ಮಣ್ಣಿನ ತೇವ ಅಳೆಯಲು ಇದು ಸಾಕು, ಅನಿಲ ಸೋರಿಕೆಗೆ ಸಾಲದು. ಎಚ್ಚರಗೊಳ್ಳುವ ಸರದಿಯನ್ನು ಮೊದಲೇ ಹೊಂದಿಸಿ ಈ ವಿಳಂಬ ತಗ್ಗಿಸಬಹುದು. ಆದರೆ ದಶಲಕ್ಷಕ್ಕೆ 20 ಭಾಗದಷ್ಟು ತಪ್ಪುವ ಸ್ಫಟಿಕ ಗಡಿಯಾರ ದಿನಕ್ಕೆ ಸುಮಾರು 1.7 ಸೆಕೆಂಡು ಜಾರುವುದರಿಂದ ನೋಡ್‌ಗಳ ಸಮಯವನ್ನು ಪದೇ ಪದೇ ಸರಿಪಡಿಸುತ್ತಿರಬೇಕಾಗುತ್ತದೆ.

2006ರಲ್ಲಿ ಅಮೆರಿಕದ ಗೋಲ್ಡನ್ ಗೇಟ್ ಸೇತುವೆಯ ಕಂಪನ ಅಳೆಯಲು 64 ನೋಡ್‌ಗಳನ್ನು ಅಳವಡಿಸಿದ್ದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರಿಗೆ 46ನೇ ದಾಟಿನಿಂದ ದೊರೆತ ವೇಗ ಸೆಕೆಂಡಿಗೆ 441 ಬೈಟ್. ಸೆಕೆಂಡಿಗೆ ಸಾವಿರ ಬಾರಿ, ಎರಡೆರಡು ಬೈಟ್‌ನಂತೆ ಅಳೆಯುವ ಒಂದೇ ಸಂವೇದಕ 2000 ಬೈಟ್ ಉತ್ಪಾದಿಸುತ್ತದೆ. ಹಾಗಾಗಿ ಅವರು ಮಾಹಿತಿಯನ್ನು ನೋಡ್‌ಗಳಲ್ಲೇ ಕೂಡಿಟ್ಟು ಬಳಿಕ ಸಾಗಿಸಿದರು. ಅಧ್ಯಯನಕ್ಕೆ ಈ ಕ್ರಮ ಸರಿ. ಎಚ್ಚರಿಕೆ ವ್ಯವಸ್ಥೆಗೆ ಹೊಂದದು.

ಆದ್ದರಿಂದ ವಿಶ್ಲೇಷಣೆ ನೋಡ್‌ನಲ್ಲೇ ನಡೆದು, ಮಿತಿ ಮೀರಿದ ಅಳತೆ ಮಾತ್ರ ರವಾನೆಯಾಗುವಂತೆ ಮಾಡುವುದು ಒಳಿತು. ಆಗಲೂ ನಿಗದಿತ ಅವಧಿಗೊಮ್ಮೆ ಪ್ರತಿ ನೋಡ್ ತಾನು ಜೀವಂತವಿರುವುದನ್ನು ತಿಳಿಸುತ್ತಿರಬೇಕು, ಇಲ್ಲವಾದರೆ ಅಪಾಯವಿಲ್ಲದ ಮೌನವನ್ನೂ ಕೆಟ್ಟುಹೋದ ನೋಡ್‌ನ ಮೌನವನ್ನೂ ಬೇರ್ಪಡಿಸಲಾಗದು. ಟೆಂಡರ್‌ಗಳಲ್ಲಿ ಗಡುವು, ತಲುಪುವ ಪ್ರಮಾಣ, ಬ್ಯಾಟರಿಯ ಆಯುಷ್ಯ ಈ ಮೂರನ್ನೂ ಒಟ್ಟಿಗೆ ನಮೂದಿಸಬೇಕು. ಹಸ್ತಾಂತರಕ್ಕೆ ಮುನ್ನ ಸುರಿಯುವ ಮಳೆಯಲ್ಲಿ, ಕೆಲವು ನೋಡ್‌ಗಳನ್ನು ಬೇಕೆಂದೇ ಸ್ಥಗಿತಗೊಳಿಸಿ, ಜಾಲವನ್ನು ಪರೀಕ್ಷಿಸಬೇಕು.

ಇತಿ,
ಓರ್ವ ಎಲೆಕ್ಟ್ರಾನಿಕ್ಸ್ ಎಂಜಿನಿಯರ್