ಲಸಿಕೆಗೆ ಮೊದಲು ಸಗಣಿ ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಕಾಲುಬಾಯಿ ಜ್ವರದ ಲಸಿಕೆ ಇದೆ. ಅದಕ್ಕೆ ಎರಡು ಮೂರು ವಾರ ಮೊದಲೇ ಜಂತುಹುಳದ ಔಷಧಿ ಆಗಬೇಕು. ಕೆರೆ ಅಂಚಲ್ಲಿ, ಗದ್ದೆ ಬದುವಿನಲ್ಲಿ ದನ ಎಮ್ಮೆ ಮೇಯಿಸುವವರು ಖಂಡಿತ ಗಮನಿಸಿ. ಅಲ್ಲಿನ ಬಸವನಹುಳದಿಂದ ಲಿವರ್ ಹುಳದ ಮರಿಗಳು ಹುಲ್ಲಿಗೆ ಅಂಟಿಕೊಳ್ಳುತ್ತವೆ. ಈ ಹುಳು ತಿಂಗಳುಗಟ್ಟಲೆ ಒಳಗೆ ಸುಮ್ನೆ ಇರುವುದಿಲ್ಲ, ದನದ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತದೆ. ಕ್ಷಯದ ಚರ್ಮ ಪರೀಕ್ಷೆಯಲ್ಲೂ ರೋಗ ಕಾಣದೆ ತಪ್ಪಿಹೋಗಬಹುದು. ಲಸಿಕೆಯೂ ಸರಿಯಾಗಿ ಹಿಡಿಯದಿರಬಹುದು. ಹಸು ಚೆನ್ನಾಗಿ ಮೇಯುತ್ತಿದೆ ಅಂತ ದಯವಿಟ್ಟು ಬಿಡಬೇಡಿ.

ಸೋಮವಾರ ಬೆಳಗ್ಗೆ ಡೇರಿಗೆ ಬರುವಾಗ ಆಗ ತಾನೇ ಹಾಕಿದ ಸಗಣಿಯನ್ನು ಡಬ್ಬಿಯಲ್ಲಿ ತನ್ನಿ. ಮೇಲೆ ಹೆಸರು ಬರೆದಿರಿ. ಗಬ್ಬದ ಹಸು ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಹಾಕಬಾರದು ಅಂತಲೂ ಕೇಳಿಕೊಳ್ಳಿ. ನಿಮ್ಮಲ್ಲಿ ಎಷ್ಟು ದನ ಇವೆ, ಭಾನುವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.