ಕುರಿ ಮೇಯಿಸುತ್ತಿದ್ದ ತಾತನಿಗೆ

ಗೌರಿಬಿದನೂರು ಕಡೆ, ಉತ್ತರ ಪಿನಾಕಿನಿ ನದಿಯ ಒಣ ಮರಳಿನಲ್ಲಿ ಟೆಂಟ್ ಹಾಕುತ್ತಿದ್ದ ನಮ್ಮನ್ನು ದಡ ಹತ್ತಿಸಿದ ತಾತ, ನಿಮ್ಮ ಹೆಸರು ಗೊತ್ತಿಲ್ಲ, ಇಲ್ಲಿಂದಲೇ ಕೈಮುಗಿಯುತ್ತೇವೆ. ಇಲ್ಲಿ ಹನಿ ಬೀಳದಿದ್ದರೂ ನಂದಿಬೆಟ್ಟದ ಕಡೆ ಜೋರು ಮಳೆಯಾದರೆ ರಾತ್ರೋರಾತ್ರಿ ನೀರು ನುಗ್ಗಬಹುದು. ಪೊದೆಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿಯೇ ಹಿಂದಿನ ನೀರಿನ ಗುರುತು, ಮಲಗುವ ಜಾಗ ಅದಕ್ಕಿಂತ ಸಾಕಷ್ಟು ಮೇಲಿರಬೇಕು ಎಂದು ತೋರಿಸಿದಿರಿ.

ಒರತೆ ತೋಡುವುದನ್ನೂ ಕಲಿಸಿದಿರಿ. ಮರಳು ಒದ್ದೆಯಾಗಿರುವ ಕಡೆ ಮೊಳದಷ್ಟು ಆಳ ತೆಗೆದು, ಮೊದಲು ಊರುವ ಕದಡು ನೀರನ್ನು ಎರಡು ಮೂರು ಸಲ ಮೊಗೆದು ಚೆಲ್ಲಬೇಕು, ಆಮೇಲೆ ತಿಳಿನೀರು. ಆದರೆ ತಿಳಿಯಾದದ್ದೆಲ್ಲ ಶುದ್ಧವಲ್ಲ, ದನಕುರಿ ಓಡಾಡುವ ಜಾಗವದು. ದಪ್ಪ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಬಿಟ್ಟು ಇಳಿಸಬೇಕು.