ಎಲ್ಲಿಂದ ಎಣಿಸಿದ್ದಾರೆ ಎಂದು ಕೇಳು

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಒಂದು ದಿನ ಯಾವುದೋ ವಸ್ತುವಿಗೆ ಬೇಡಿಕೆ ಗಗನಕ್ಕೇರಿತೆಂದೂ ಮರುದಿನವೇ ಅದು ನೆಲ ಕಚ್ಚಿತೆಂದೂ ಓದಿ ಓದಿ ನೀನು ಬೇಸತ್ತಿದ್ದೀಯೆ. ಇವುಗಳಲ್ಲಿ ಯಾವುದು ಕಾಲದ ನಿಜವಾದ ನಡೆ, ಯಾವುದು ನಾಲ್ಕು ದಿನದ ಗದ್ದಲ ಎಂದು ತಿಳಿಯುವುದು ಹೇಗೆ ಎಂದು ಕೇಳಿದ್ದೀಯೆ. ಇದಕ್ಕೆ ನನ್ನ ಬಳಿ ಸಿದ್ಧ ಸೂತ್ರವೇನೂ ಇಲ್ಲ. ಆದರೆ ಏರಿತು, ಇಳಿಯಿತು ಎಂಬ ಮಾತು ಕಿವಿಗೆ ಬಿದ್ದೊಡನೆ ‘ಎಲ್ಲಿಂದ?’ ಎಂದು ಕೇಳುವ ಅಭ್ಯಾಸವನ್ನು ನೀನು ಈಗಲೇ ಬೆಳೆಸಿಕೊಳ್ಳಬೇಕು. ನಾನು ಅದನ್ನು ಕಲಿತದ್ದು ಬಹಳ ತಡವಾಗಿ.

ಸಿ.ಡಿ.ಗಳು ಬಂದ ಹೊಸತರಲ್ಲಿ, ಗ್ರಾಮಫೋನ್ ತಟ್ಟೆಗಳ ಕಾಲ ಮುಗಿಯಿತೆಂದು ಎಲ್ಲರೂ ಹೇಳಿದ್ದನ್ನು ನಂಬಿ, ನನ್ನಲ್ಲಿದ್ದ ತಟ್ಟೆಗಳನ್ನೆಲ್ಲ ಕೇಳಿದವರಿಗೆ ಕೊಟ್ಟುಬಿಟ್ಟೆ. 2022ರಲ್ಲಿ ಅಮೆರಿಕದಲ್ಲಿ ಸುಮಾರು 4.1 ಕೋಟಿ ವೈನಿಲ್ ತಟ್ಟೆಗಳೂ 3.3 ಕೋಟಿ ಸಿ.ಡಿ.ಗಳೂ ಮಾರಾಟವಾದವು, 1987ರ ನಂತರ ತಟ್ಟೆಯು ಸಿ.ಡಿ.ಯನ್ನು ಹಿಂದಿಕ್ಕಿದ್ದು ಅದೇ ಮೊದಲು. ಸುದ್ದಿ ಓದಿ ನನ್ನ ಅವಸರವನ್ನು ನಾನೇ ಹಳಿದುಕೊಂಡೆ. ಆಮೇಲೆ ಹಿಂದಿನ ಅಂಕಿಗಳನ್ನು ತೆಗೆದು ನೋಡಿದರೆ, 1970ರ ದಶಕದ ಕೊನೆಯಲ್ಲಿ ಅದೇ ದೇಶದಲ್ಲಿ ವರ್ಷಕ್ಕೆ 30 ಕೋಟಿಗೂ ಹೆಚ್ಚು ತಟ್ಟೆಗಳು ಮಾರಾಟವಾಗುತ್ತಿದ್ದವು, 2000ದಲ್ಲಿ ಸಿ.ಡಿ.ಗಳ ಸಂಖ್ಯೆ 90 ಕೋಟಿಯನ್ನು ದಾಟಿತ್ತು. ತಟ್ಟೆ ಮೇಲೆದ್ದದ್ದು ಸುಳ್ಳಲ್ಲ, ಆದರೆ ಅದು ಗೆದ್ದಂತೆ ಕಂಡದ್ದು ಬಹುಮಟ್ಟಿಗೆ ಸಿ.ಡಿ. ಪಾತಾಳಕ್ಕೆ ಇಳಿದದ್ದರಿಂದ, ಎರಡರ ಜಾಗದಲ್ಲಿಯೂ ಸ್ಟ್ರೀಮಿಂಗ್ ಬಂದು ಕುಳಿತಿತ್ತು. ತಟ್ಟೆಗಳನ್ನು ಕೊಟ್ಟದ್ದಕ್ಕೆ ನನಗೆ ಇಂದಿಗೂ ಬೇಸರವಿದೆ, ಅದು ಬೇರೆಯ ಮಾತು.

ಹಾಡಿನ ವಿಷಯದಲ್ಲಿ ತಪ್ಪಿದರೆ ನಷ್ಟ ಅಷ್ಟಕ್ಕಷ್ಟೆ. ಗಾಳಿಯ ವಿಷಯ ಹಾಗಲ್ಲ. ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಳೆಯಲು ತೊಡಗಿದಾಗ, ಅದು ಮೇ ತಿಂಗಳವರೆಗೆ ಏರಿ, ಅನಂತರ ಸೆಪ್ಟೆಂಬರಿನವರೆಗೆ ಇಳಿಯುತ್ತಾ ಹೋಯಿತು. ಉತ್ತರಾರ್ಧಗೋಳದ ಗಿಡಮರಗಳು ಬೇಸಿಗೆಯಲ್ಲಿ ಸೊಂಪಾಗಿ ಬೆಳೆದು ಅನಿಲವನ್ನು ಹೀರಿಕೊಳ್ಳುವುದರಿಂದ ಹೀಗಾಗುತ್ತದೆ. ಆ ನಾಲ್ಕು ತಿಂಗಳನ್ನಷ್ಟೇ ನೋಡಿದವನು ಅನಿಲ ಕಡಿಮೆಯಾಗುತ್ತಿದೆಯೆಂದು ಆಣೆಯಿಟ್ಟು ಹೇಳಬಹುದಿತ್ತು, ಮತ್ತು ಅವನ ಅಂಕಿಗಳಲ್ಲಿ ಒಂದೂ ಸುಳ್ಳಾಗಿರುತ್ತಿರಲಿಲ್ಲ. ಅಳತೆ ಮುಂದುವರಿದದ್ದರಿಂದ ಮಾತ್ರ ಆ ಏರಿಳಿತದ ಅಡಿಯಲ್ಲಿ ಹತ್ತುತ್ತಲೇ ಹೋಗುವ ಇನ್ನೊಂದು ಗೆರೆ ಕಾಣಿಸಿಕೊಂಡಿತು: 1959ರಲ್ಲಿ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 316 ಭಾಗವಿದ್ದ ಅನಿಲ 2024ರಲ್ಲಿ ಸುಮಾರು 424ಕ್ಕೆ ಮುಟ್ಟಿತ್ತು. ಹಣದ ಕೊರತೆಯಿಂದ 1964ರಲ್ಲಿ ಕೆಲವು ತಿಂಗಳು ಅಳತೆ ನಿಂತುಹೋಗಿತ್ತು. ಅದು ಶಾಶ್ವತವಾಗಿ ನಿಂತಿದ್ದರೆ ನಮ್ಮ ಕೈಯಲ್ಲಿ ಉಳಿಯುತ್ತಿದ್ದದ್ದು ಆರು ವರ್ಷಗಳ ಒಂದು ತುಣುಕು. ಬೆರಗಾಗಿಸುವ ಹೊಸ ಸಂಗತಿಯನ್ನು ಹೇಳುವವರಿಗಿಂತ, ಒಂದೇ ಕೆಲಸವನ್ನು ಒಂದೇ ಕ್ರಮದಲ್ಲಿ ವರ್ಷಾನುಗಟ್ಟಲೆ ಬರೆದಿಡುವವರ ಮೇಲೆ ನನಗೆ ಹೆಚ್ಚು ಗೌರವ ಬಂದದ್ದು ಈ ಕಾರಣದಿಂದ.

ಇಷ್ಟು ಹೇಳಿದ ಮೇಲೆ, ಉದ್ದದ ಗೆರೆಯನ್ನು ಹಿಡಿದರೆ ಸಾಕು, ಭವಿಷ್ಯ ಕೈಗೆ ಸಿಕ್ಕಂತೆಯೇ ಎಂದು ನೀನು ಭಾವಿಸಬಾರದು. ವಿಲಿಯಂ ಸ್ಟಾನ್ಲಿ ಜೆವೊನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಲ್ಲಿ, ತನಗಿನ್ನೂ 30 ತುಂಬುವ ಮೊದಲೇ, ಬ್ರಿಟನ್ನಿನ ಕಲ್ಲಿದ್ದಲಿನ ಲೆಕ್ಕವನ್ನು ಬಹಳ ಶ್ರಮದಿಂದ ಹಾಕಿ, ಬಳಕೆ ಅದೇ ವೇಗದಲ್ಲಿ ಬೆಳೆಯುವುದು ಸಾಧ್ಯವೇ ಇಲ್ಲವೆಂದೂ ಅಗ್ಗದ ಕಲ್ಲಿದ್ದಲು ತೀರಿದಂತೆ ದೇಶದ ಏಳಿಗೆ ನಿಲ್ಲುವುದೆಂದೂ ಎಚ್ಚರಿಸಿದನು. ಉಗಿಯಂತ್ರ ಸುಧಾರಿಸಿ ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡಿದಷ್ಟೂ ಒಟ್ಟು ಬಳಕೆ ಹೆಚ್ಚುತ್ತದೆಂಬ ಅವನ ಮಾತನ್ನು ಇಂದಿಗೂ ಅರ್ಥಶಾಸ್ತ್ರಜ್ಞರು ಚರ್ಚಿಸುತ್ತಾರೆ. ಆದರೆ ಕಲ್ಲಿದ್ದಲಿನ ಜಾಗಕ್ಕೆ ಪೆಟ್ರೋಲಿಯಂ ಬರಬಹುದೆಂಬುದನ್ನು ಅವನು ಗಂಭೀರವಾಗಿ ಎಣಿಸಲಿಲ್ಲ. ಕಾಗದಕ್ಕೂ ಅಭಾವ ಬಂದೀತೆಂದು ಹೆದರಿ ಅವನು ಕೂಡಿಟ್ಟಿದ್ದ ರಾಶಿ, ಅವನು ಸತ್ತು 50 ವರ್ಷ ಕಳೆದರೂ ಮಕ್ಕಳಿಂದ ಮುಗಿದಿರಲಿಲ್ಲವೆಂದು ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಬರೆದಿದ್ದಾರೆ. ಪಾಪ, ತಟ್ಟೆಗಳನ್ನು ಅವಸರದಲ್ಲಿ ಕೊಟ್ಟುಬಿಟ್ಟ ನನಗೆ ಅವನು ಸರಿಯಾಗಿ ತದ್ವಿರುದ್ಧ. ಅವನು ತೀರಿಕೊಂಡ 1882ರಲ್ಲಿಯೇ ಲಂಡನ್ನಿನಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ ಉತ್ಪಾದಿಸುವ ಸಾರ್ವಜನಿಕ ಕೇಂದ್ರ ಆರಂಭವಾಯಿತು. ಬ್ರಿಟನ್ನಿನ ಅಂಥ ಕೊನೆಯ ಕೇಂದ್ರ 2024ರ ಸೆಪ್ಟೆಂಬರ್ 30ರಂದು ಮುಚ್ಚಿದಾಗ, ನೆಲದಡಿಯಲ್ಲಿ ಕಲ್ಲಿದ್ದಲು ಇನ್ನೂ ಉಳಿದೇ ಇತ್ತು. ಜೆವೊನ್ಸನ ಅಂಕಿಗಳು ಕೆಟ್ಟವಾಗಿರಲಿಲ್ಲ. ಜನರಿಗೆ ಬೇಕಾದದ್ದು ಶಾಖ ಮತ್ತು ಚಲನೆಯೇ ಹೊರತು ಕಲ್ಲಿದ್ದಲಲ್ಲ ಎಂಬುದು ಅವನ ಗೆರೆಯಲ್ಲಿ ಕಾಣುತ್ತಿರಲಿಲ್ಲ, ಅಷ್ಟೆ. ಆದ್ದರಿಂದ ‘ಎಲ್ಲಿಂದ?’ ಎಂಬ ಪ್ರಶ್ನೆಯ ಬೆನ್ನಿಗೆ, ಈ ಗೆರೆಯನ್ನು ಎಳೆಯುತ್ತಿರುವ ಬಲ ಯಾವುದು, ಅದು ನಾಳೆಯೂ ಇದ್ದೀತೇ ಎಂಬುದನ್ನೂ ವಿಚಾರಿಸು.

ನೀನು ಪತ್ರದೊಂದಿಗೆ ಕಳುಹಿಸಿದ ಗ್ರಾಫನ್ನು ಕನ್ನಡಕ ಹಾಕಿಕೊಂಡು ಎರಡು ಬಾರಿ ನೋಡಿದೆ. ಗೆರೆಯೇನೋ ಗಾಬರಿ ಹುಟ್ಟಿಸುವಷ್ಟು ಕಡಿದಾಗಿದೆ. ಆದರೆ ಎಡಬದಿಯ ಅಂಕಿಗಳು ಸೊನ್ನೆಯಿಂದ ಆರಂಭವಾಗಿಲ್ಲ, ಕೆಳಗೆ ಮೊದಲ ವರ್ಷ ಯಾವುದೆಂಬುದನ್ನೂ ಬರೆದಿಲ್ಲ. ಅವೆರಡನ್ನೂ ಹುಡುಕಿ, ಅದೇ ಗೆರೆಯನ್ನು ಸೊನ್ನೆಯಿಂದ ಆರಂಭಿಸಿ ನೀನೇ ಕೈಯಾರೆ ಎಳೆದು, ಮುಂದಿನ ಪತ್ರದಲ್ಲಿ ಕಳುಹಿಸು.

ಇಂತು ನಿನ್ನ ಹಿತವನ್ನು ಬಯಸುವ,
ದೊಡ್ಡಪ್ಪ